ಒಲೆ ಬೇಡದ ಪಾಕ: ಘಟ್ಟದ ಜೇನು, ಮರಳುನಾಡಿನ ಕಪಾಟು

ಅಡುಗೆಮನೆಯ ಸಿಹಿಪದಾರ್ಥಗಳ ಪೈಕಿ ಬೆಲ್ಲ, ಜೋನಿಬೆಲ್ಲ, ಸಕ್ಕರೆ ಇವೆಲ್ಲ ಬೆಂಕಿಯನ್ನು ಹಾದು ಬಂದವು. ಮನುಷ್ಯನ ಕೈ ಸೇರುವ ಮೊದಲೇ, ಅದೂ ಒಲೆಯ ಹಂಗಿಲ್ಲದೆ, ಪಾಕವಾಗಿ ಮುಗಿದಿರುವುದು ಜೇನುತುಪ್ಪ. ಹೂವಿನ ಮಕರಂದದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಜೇನ್ನೊಣಗಳು ತಮ್ಮ ದೇಹದಿಂದ ಸ್ರವಿಸುವ ಕಿಣ್ವದ ನೆರವಿನಿಂದ ಅದರೊಳಗಿನ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆದು, ಎರಿಯ ಕಣಗಳಲ್ಲಿ ಅದನ್ನು ತುಂಬಿ, ರೆಕ್ಕೆಯ ಗಾಳಿಯಿಂದ ನೀರನ್ನು ಆರಿಸಿ, ಸಾಕಷ್ಟು ಗಟ್ಟಿಯಾದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಹೀಗೆ ನೀರನ್ನು ಕಳೆದು ಸಿದ್ಧವಾದ ಪದಾರ್ಥವಾದ್ದರಿಂದಲೇ ಜೇನು ಕೆಡುವುದೂ ಉಳಿಯುವುದೂ ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ: ಮರಳಿ ಅದಕ್ಕೆ ನೀರು ಸೇರುವುದು ಮತ್ತು ಅದಕ್ಕೆ ಬಿಸಿ ತಗಲುವುದು.

ಕತಾರಿನ ರಾಜಧಾನಿ ದೋಹಾದ ಹೊರವಲಯದಲ್ಲಿ, ಕೈಗಾರಿಕಾ ಪ್ರದೇಶದ ಸಮೀಪವಿರುವ ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕ ವಸತಿ ನಗರದಂಥ ಕಡೆಗಳಲ್ಲಿ ಜೇನಿನ ಒಲೆ ಬೇಡದ ಗುಣಕ್ಕೆ ವಿಶೇಷ ಬೆಲೆಯಿದೆ. ಇಂಥ ವಸತಿಗಳಲ್ಲಿ ಮಲಗುವ ಕೋಣೆಯೊಳಗೆ ಒಲೆ ಹೊತ್ತಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ, ಊಟ ಮೆಸ್ಸಿನದು, ಸ್ವಂತದ್ದೆಂದು ಇಟ್ಟುಕೊಳ್ಳಬಹುದಾದದ್ದು ಕಪಾಟಿನ ಒಂದು ಅಂಕಣದಷ್ಟು. ಅವಲಕ್ಕಿ, ಮೊಸರು, ಬಾಳೆಹಣ್ಣು, ಖರ್ಜೂರಗಳ ಜೊತೆ ಸೇರಿ ಬೆಂಕಿಯಿಲ್ಲದೆ ತಿಂಡಿಯಾಗಬಲ್ಲ ಪದಾರ್ಥ ಅಲ್ಲಿ ಉಪ್ಪಿನಕಾಯಿಯಷ್ಟೇ ಅಗತ್ಯದ್ದು. ಆದರೆ ಜೇನಿನ ಎರಡನೆಯ ಶತ್ರುವಾದ ಬಿಸಿ ಕತಾರಿನಲ್ಲಿ ಹೊಸ್ತಿಲಾಚೆಯೇ ನಿಂತಿರುತ್ತದೆ. 2010ರ ಜುಲೈಯಲ್ಲಿ ದೋಹಾದ ಉಷ್ಣಾಂಶ 50.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಪರಿಚಿತವಾದ ಜೇನು ಬಹುಮಟ್ಟಿಗೆ ಎರಡು ಮೂಲಗಳದು. ಹೆಮ್ಮರಗಳ ಕೊಂಬೆಗಳಲ್ಲೂ ಬಂಡೆಗಳ ಸೆರಗಿನಲ್ಲೂ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನನ್ನು ಸಾಕಲಾಗುವುದಿಲ್ಲ. ಪೊಟರೆಗಳಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಸಾಕಬಹುದು. ದಕ್ಷಿಣ ಭಾರತದಲ್ಲಿ ಈ ಸಾಕಣೆಗೆ ಅನುಕೂಲವಾದದ್ದು, ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ 1910ರ ದಶಕದಲ್ಲಿ ತುಡುವೆಯ ಸಣ್ಣ ಮೈಗೆ ಹೊಂದುವಂತೆ ರೂಪಿಸಿದ, ಇಂದಿಗೂ ಅವರ ಹೆಸರಿನಲ್ಲೇ ಕರೆಯಲಾಗುವ ಪೆಟ್ಟಿಗೆ. ಎರಿಯನ್ನು ಹಿಂಡದೆ, ಚೌಕಟ್ಟುಸಹಿತ ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು, ಖಾಲಿ ಎರಿಯನ್ನು ನೊಣಗಳಿಗೇ ಮರಳಿಸುವ ಕ್ರಮ ಇದರಿಂದ ಸಾಧ್ಯವಾಯಿತು. ಕೊಡಗಿನ ವಿರಾಜಪೇಟೆಯಲ್ಲೂ ಭಾಗಮಂಡಲದಲ್ಲೂ ದಕ್ಷಿಣ ಕನ್ನಡದ ಪುತ್ತೂರಿನಲ್ಲೂ ಬೆಳೆದ ಜೇನು ಕೃಷಿಕರ ಸಹಕಾರ ಸಂಘಗಳು ಬಿಡಿಬಿಡಿ ತೋಟಗಳ ಜೇನನ್ನು ಒಟ್ಟುಗೂಡಿಸಿ, ಸೋಸಿ, ಬಾಟಲಿಗೆ ತುಂಬಿ ಮಾರುವ ಏರ್ಪಾಡು ಮಾಡಿದವು. ಪುತ್ತೂರಿನ ಸಂಘದ ‘ಮಾಧುರಿ’ ಕರಾವಳಿಯ ಅಂಗಡಿಗಳಲ್ಲಿ ಮನೆಮಾತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ, ಅಂದರೆ ಮರಿಹುಳುಗಳನ್ನು ನೀರು ತುಂಬಿದ ಚೀಲದಂತಾಗಿಸಿ ಕೊಲ್ಲುವ ರೋಗ, ತುಡುವೆ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿದಾಗ ಈ ಸಂಘಗಳ ಬೆನ್ನೆಲುಬಿಗೇ ಪೆಟ್ಟು ಬಿತ್ತು. ಸಾಕಣೆ ನಿಧಾನವಾಗಿ ಚೇತರಿಸಿಕೊಂಡಿದೆಯಾದರೂ, ಅಂಗಡಿಯ ಕಪಾಟಿನಲ್ಲಿ ಆಗ ತೆರವಾದ ಜಾಗವನ್ನು ಬೇರೆ ಬಗೆಯ ಜೇನುಗಳೂ, ಜೇನೆಂಬ ಹೆಸರಿನ ಸಕ್ಕರೆಪಾಕಗಳೂ ತುಂಬಿದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 13 ಬ್ರ್ಯಾಂಡುಗಳ ಪೈಕಿ ಎಲ್ಲ ಪರೀಕ್ಷೆಗಳನ್ನೂ ದಾಟಿದವು ಮೂರು ಮಾತ್ರ. ಅಂಥ ಕಲಬೆರಕೆ ಪ್ರಯೋಗಾಲಯದ ಸೂಕ್ಷ್ಮ ಉಪಕರಣಕ್ಕಷ್ಟೇ ಸಿಗುವಂಥದ್ದಾದ್ದರಿಂದ, ನೀರಿನ ಲೋಟದಲ್ಲಿ ಹನಿ ಬಿಡುವ, ಬತ್ತಿಗೆ ಸವರಿ ಹೊತ್ತಿಸುವ ಮನೆಪರೀಕ್ಷೆಗಳನ್ನು ನೆಚ್ಚುವುದು ವ್ಯರ್ಥ.

ಘಟ್ಟದ ಜೇನಿನ ತೊಡಕು ನೀರು. ಆಹಾರ ಮಾನದಂಡಗಳ ಅಂತರರಾಷ್ಟ್ರೀಯ ಸಂಹಿತೆಯಾದ ಕೋಡೆಕ್ಸ್ ಜೇನಿನಲ್ಲಿ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು ನೀರಿರಕೂಡದೆನ್ನುತ್ತದೆ, ಆದರೆ ತೇವದ ಹವೆಯಲ್ಲಿ, ಮುಚ್ಚಳ ಹಾಕುವ ಮೊದಲೇ ತೆಗೆದ ತುಡುವೆ ಜೇನು ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ನೀರು ಹೆಚ್ಚಾದಲ್ಲಿ ಅದರೊಳಗೆ ಸ್ವಾಭಾವಿಕವಾಗಿಯೇ ಇರುವ ಯೀಸ್ಟ್ ಚುರುಕಾಗಿ, ಮೇಲೆ ನೊರೆ ಕಟ್ಟಿ, ಬಿರಡೆ ತೆಗೆದಾಗ ಹುಳಿವಾಸನೆ ಹೊಡೆಯುತ್ತದೆ. ಒದ್ದೆ ಚಮಚವನ್ನು ಬಾಟಲಿಗೆ ಹಾಕಬಾರದೆಂಬ ಹಿರಿಯರ ಕಟ್ಟಪ್ಪಣೆಗೆ ಇದೇ ಕಾರಣ.

ಕತಾರಿನಲ್ಲಿ ತೊಡಕು ತಿರುಗಿ ನಿಲ್ಲುತ್ತದೆ. ಜೇನು ಬಿಸಿಯಲ್ಲಿ ಇದ್ದಷ್ಟೂ ಅದರೊಳಗಿನ ಸಕ್ಕರೆ ಒಡೆದು ಎಚ್‌ಎಂಎಫ್ ಎಂದು ಕರೆಯುವ ಸಂಯುಕ್ತ ಹುಟ್ಟುತ್ತದೆ. ಜೇನು ಎಷ್ಟು ಹಳೆಯದು, ಎಷ್ಟು ಕಾಯಿಸಿದ್ದು ಎಂಬುದರ ಅಳತೆಗೋಲಾದ ಇದಕ್ಕೆ ಕೋಡೆಕ್ಸ್ ಕಿಲೋಗೆ 40 ಮಿಲಿಗ್ರಾಂ ಮಿತಿಯನ್ನೂ ಉಷ್ಣವಲಯದ ಜೇನಿಗೆ 80ರ ರಿಯಾಯಿತಿಯನ್ನೂ ಕೊಟ್ಟಿದೆ. 30 ಡಿಗ್ರಿಯಲ್ಲಿ 40 ಮಿಲಿಗ್ರಾಂ ತಲುಪಲು ಸುಮಾರು 100ರಿಂದ 300 ದಿನ ಬೇಕಾದರೆ, 40 ಡಿಗ್ರಿಯಲ್ಲಿ 20ರಿಂದ 50 ದಿನ ಸಾಕು. ಬಾಲ್ಕನಿಯ ಶೆಲ್ಫು, ಬಿಸಿಲಿಗೆ ನಿಂತ ವಾಹನ, ಅಡುಗೆಯ ಒಲೆಯ ಪಕ್ಕ ಇವೆಲ್ಲ ಜೇನಿಗೆ ತಕ್ಕ ಸ್ಥಳಗಳಲ್ಲ. ಊರಿನಿಂದ ತರುವವರು ವಿಮಾನಯಾನದ ದ್ರವ ನಿಯಮದಂತೆ ದೊಡ್ಡ ಬಾಟಲಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಬೇಕಾಗುವುದರಿಂದ, ಬಿರಡೆಯ ಸುತ್ತ ಎರಡು ಪ್ಲಾಸ್ಟಿಕ್ ಚೀಲ ಸುತ್ತುವುದು ಜಾಣತನ. ಇತ್ತ ಎಸಿ ಕೋಣೆಯ ತಂಪಿನಲ್ಲಿ ಜೇನು ಹರಳುಗಟ್ಟುವುದುಂಟು, ಅದರಲ್ಲೂ ದಕ್ಷಿಣ ಕನ್ನಡದ ರಬ್ಬರ್ ಎಲೆಯ ಬುಡದ ರಸದಿಂದ ಬರುವ ಜೇನು ಬಹುಬೇಗ ಹರಳಾಗುತ್ತದೆ. ಗ್ಲೂಕೋಸ್ ಬೇರ್ಪಟ್ಟು ಹೀಗಾಗುವುದೇ ಹೊರತು ಸಕ್ಕರೆ ಬೆರೆಸಿದ್ದಾರೆಂಬುದಕ್ಕೆ ಅದು ಸಾಕ್ಷಿಯಲ್ಲ. ಕೈ ತಾಳುವಷ್ಟು ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಇಟ್ಟರೆ ಕರಗುತ್ತದೆ, ಕುದಿಸಬೇಕಿಲ್ಲ.

ಜೇನನ್ನು ಬಿಸಿ ಮಾಡಬಾರದೆಂದು ಚರಕಸಂಹಿತೆಯಲ್ಲೂ ಎಚ್ಚರಿಕೆಯಿದೆ, ಅದರ ಕಾರಣಗಳು ಆಯುರ್ವೇದದ ಸ್ವಂತ ತರ್ಕದವಾದರೂ ಕನ್ನಡದ ಅಡುಗೆಮನೆ ಆ ಎಚ್ಚರವನ್ನು ರೂಢಿಯಾಗಿ ಉಳಿಸಿಕೊಂಡಿದೆ. ಇಲ್ಲಿ ಜೇನು ಬೇಯುವ ಸಾಮಗ್ರಿಯಲ್ಲ, ಕೊನೆಗೆ ಸೇರುವ ಸಾಮಗ್ರಿ. ಹವ್ಯಕರ ಮನೆಗಳಲ್ಲಿ ಕಾವಲಿಯಿಂದ ಎತ್ತಿದ ತೆಳ್ಳವಿಗೆ, ಕೊಡಗಿನಲ್ಲಿ ಅಕ್ಕಿ ಒಟ್ಟಿಗೆ ತಟ್ಟೆಯಲ್ಲೇ ಸುರಿದುಕೊಳ್ಳುವ ರೂಢಿ, ಹಾಲು, ಮೊಸರು, ತುಪ್ಪ, ಸಕ್ಕರೆಗಳ ಜೊತೆ ಐದನೆಯದಾಗಿ ಪಂಚಾಮೃತಕ್ಕೆ ಸೇರುವ ಕ್ರಮ, ಎಲ್ಲವೂ ಇದೇ ಬಗೆಯವು. ಒಲೆಯಿಲ್ಲದ ಕೋಣೆಗೆ ಈ ಬಗೆಯಲ್ಲಿ ಸುಲಭದ್ದು ಮೊಸರವಲಕ್ಕಿ: ತೊಳೆದು ನೆನೆಸಿದ ಅವಲಕ್ಕಿಗೆ ಗಟ್ಟಿ ಮೊಸರು, ಹೆಚ್ಚಿದ ಖರ್ಜೂರ, ಏಲಕ್ಕಿಪುಡಿ ಸೇರಿಸಿ, ತಿನ್ನುವ ಹೊತ್ತಿಗೆ ಮೇಲೊಂದು ಚಮಚ ಜೇನು. ಶುಂಠಿಯನ್ನೂ ನೆಲ್ಲಿಕಾಯಿಯನ್ನೂ ಜೇನಿನಲ್ಲಿ ಇಡುವಾಗ ಹೆಚ್ಚಿನವರು ತಪ್ಪುವುದು ನೀರಿನ ಲೆಕ್ಕದಲ್ಲೇ. ಜೇನು ಸುತ್ತಲಿನ ತೇವವನ್ನು ಹೀರುವ ಸ್ವಭಾವದ್ದಾದ್ದರಿಂದ ನೆಲ್ಲಿಯ ನೀರನ್ನು ಎಳೆದು ತಾನೇ ತೆಳ್ಳಗಾಗಿ ಹುಳಿಯತೊಡಗುತ್ತದೆ; ಹಬೆಯಲ್ಲಿ ಬೇಯಿಸಿದ ನೆಲ್ಲಿಯನ್ನು ಚೆನ್ನಾಗಿ ಒಣಗಿಸಿ, ಆಮೇಲೆ ಮುಳುಗುವಷ್ಟು ಜೇನು ಹಾಕಬೇಕು.

ಕೇಕು, ಬಿಸ್ಕತ್ತುಗಳಲ್ಲಿ ಸಕ್ಕರೆಯ ಬದಲು ಬಳಸುವುದಾದರೆ ಒಂದು ಕಪ್ಪಿಗೆ ಮುಕ್ಕಾಲು ಕಪ್ ಜೇನು ಸಾಕು. ಉಳಿದ ದ್ರವವನ್ನು ಕಾಲು ಕಪ್‌ನಷ್ಟು ಕಡಿಮೆ ಮಾಡಿ, ಓವನ್ನಿನ ಕಾವನ್ನು ಸುಮಾರು 15 ಡಿಗ್ರಿ ಇಳಿಸಬೇಕು, ಇಲ್ಲವಾದರೆ ಮೇಲ್ಮೈ ಬೇಗ ಕಂದುತ್ತದೆ. ಸಕ್ಕರೆಯ ಬದಲೆಂದ ಮಾತ್ರಕ್ಕೆ ಸಕ್ಕರೆಯಲ್ಲವೆಂದು ತಿಳಿಯಬಾರದು: 21 ಗ್ರಾಂ ತೂಗುವ ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆಯೇ ಇರುವುದರಿಂದ ಮಧುಮೇಹಿಗಳಿಗೆ ಅದು ನಿರಪಾಯಕರವೆಂಬ ನಂಬಿಕೆಗೆ ಆಧಾರವಿಲ್ಲ. ಕೆಮ್ಮಿನ ವಿಷಯದಲ್ಲಿ ಮನೆಮದ್ದಿಗೆ ಬೆಂಬಲ ಸಿಕ್ಕಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಸಾಮಾನ್ಯ ಕೆಮ್ಮಿಗೆ ಮೊದಲು ಜೇನನ್ನೇ ಪ್ರಯತ್ನಿಸಬಹುದೆಂದಿದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಅದನ್ನು ಕೊಡಲೇಬಾರದು. ಬೊಟುಲಿನಂ ಎಂಬ ರೋಗಾಣುವಿನ ಬೀಜಕಗಳು ಜೇನಿನಲ್ಲಿ ಸುಪ್ತವಾಗಿದ್ದು, ಎಳೆಗರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡಬಲ್ಲವು. ಈ ಕಾಯಿಲೆಯನ್ನು 1976ರಲ್ಲಿ ಗುರುತಿಸಲಾಯಿತು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಪದ್ಧತಿಯನ್ನು ಎಷ್ಟೇ ಪ್ರೀತಿಯಿದ್ದರೂ ಕೈಬಿಡುವುದು ಅನಿವಾರ್ಯ.

ದೋಹಾದ ಹಳೆಯ ಪೇಟೆಯಾದ ಸೂಕ್ ವಾಕಿಫ್‌ನಂಥ ಕಡೆ ಸಿಗುವ ಸಿದ್ರ್ ಜೇನು ಕನ್ನಡಿಗರಿಗೆ ಪೂರ್ತಿ ಅಪರಿಚಿತವಲ್ಲ, ಏಕೆಂದರೆ ಸಿದ್ರ್ ಎಂಬುದು ನಮ್ಮ ಎಲಚಿಯ ಜಾತಿಗೇ ಸೇರಿದ ಮುಳ್ಳುಮರ. ಯೆಮನ್ನಿನ ಹದ್ರಮೌತ್ ಪ್ರಾಂತದ ವಾದಿ ದೋಆನ್ ಕಣಿವೆಯ ಸಿದ್ರ್ ಅರಬ್ ಜಗತ್ತಿನಲ್ಲಿ ಅತ್ಯಂತ ಹೆಸರುವಾಸಿಯಾದದ್ದು, ಬೆಲೆಯೂ ಅದಕ್ಕೆ ತಕ್ಕಂತೆ. ಒಣಹವೆಯ ನಾಡಿನದಾದ್ದರಿಂದ ಘಟ್ಟದ ಜೇನಿಗಿಂತ ಗಟ್ಟಿ, ಮತ್ತು ಹುಳಿಯುವ ಭಯ ಕಡಿಮೆ. ಅಂಥದ್ದನ್ನು ಶುಂಠಿಗೋ ನೆಲ್ಲಿಗೋ ಸುರಿಯುವುದು ದುಂದು. ಅವಕ್ಕೆ ಸಾದಾ ಜೇನು ಸಾಕು, ಸಿದ್ರ್ ಏನಿದ್ದರೂ ಬೆಚ್ಚಗಿನ ರೊಟ್ಟಿಯೊಡನೆ ತಿನ್ನುವುದಕ್ಕೆ.