ಡಬ್ಬಿ ಕೆಟ್ಟಿದೆಯೋ, ಕೇಬಲ್ ಕೆಟ್ಟಿದೆಯೋ?

ಸಂಜೆಯ ಧಾರಾವಾಹಿ ನಡೆದಿರುವಾಗಲೇ ಪರದೆ ಚೌಕಳಿ ಚೌಕಳಿಯಾಗಿ ಒಡೆಯುತ್ತದೆ, ದನಿ ತುಂಡಾಗುತ್ತದೆ. ಕೂಡಲೇ ಕೇಬಲ್‌ನವರಿಗೆ ಫೋನು: "ಅಣ್ಣಾರ, ಡಬ್ಬಿ ಕೆಟ್ಟೈತ್ರಿ, ಹೊಸಾದು ತಂದು ಕೊಡ್ರಿ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಯಾವ ಓಣಿಗೂ ಹೊಸದಲ್ಲದ ಮಾತಿದು. ಕೆಟ್ಟದ್ದು ನಿಜವಾಗಿ ಡಬ್ಬಿಯೇ ಎಂಬುದನ್ನು ಮಾತ್ರ ಯಾರೂ ಆ ಡಬ್ಬಿಯನ್ನು ಕೇಳುವುದಿಲ್ಲ. ಕೇಳಿದರೆ ಅದು ಹೇಳುತ್ತದೆ.

ಈ ಸೆಟ್ ಟಾಪ್ ಬಾಕ್ಸ್‌ಗಳು ನಮ್ಮ ಮನೆ ಸೇರಿದ್ದು 2011ರ ಕೇಬಲ್ ಟಿವಿ ತಿದ್ದುಪಡಿ ಕಾಯ್ದೆಯ ನಂತರ. ಮೊದಲು ಮುಂಬೈ, ದೆಹಲಿಯಂಥ ಮಹಾನಗರಗಳು, 2013ರಲ್ಲಿ ಬೆಂಗಳೂರು, ಮೈಸೂರು. ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31ರ ಗಡುವು ಇತ್ತು, ಅದು ಮುಂದಕ್ಕೆ ಹೋಯಿತು. ಹಳ್ಳಿಗಳಿಗೆ 2017ರ ಮಾರ್ಚ್ 31. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳು ಆ ಕೊನೆಯ ಎರಡು ಹಂತಗಳಿಗೆ ಸೇರಿದವು. ಆಗ ಬಂದ ಡಬ್ಬಿಗಳು ಈಗ ಹಳೆಯವು, ಹಲವು ಅಟ್ಟ ಸೇರಿವೆ.

ಡಬ್ಬಿಯನ್ನು ಕೇಳುವ ಬಗೆ ಹೀಗೆ: ರಿಮೋಟಿನಲ್ಲಿ ಮೆನು ಒತ್ತಿ ಸೆಟ್ಟಿಂಗ್ಸ್ ಅಥವಾ ಇನ್‌ಫರ್ಮೇಶನ್ ಎಂಬಲ್ಲಿಗೆ ಹೋಗಿ. ಬಹುತೇಕ ಡಬ್ಬಿಗಳಲ್ಲಿ ಸಿಗ್ನಲ್ ಅಥವಾ ಟ್ಯೂನರ್ ಸ್ಟೇಟಸ್ ಎಂಬ ಪುಟ ಸಿಗುತ್ತದೆ. ಅಲ್ಲಿ ಕಾಣುವ ಮೂರು ಸಂಗತಿಗಳನ್ನು ಓದಲು ಬಂದರೆ ಸಾಕು: ಸಿಗ್ನಲ್‌ನ ಬಲ, ಅದರ ಗುಣಮಟ್ಟ, ಮತ್ತು ಬಿಇಆರ್ ಎಂಬ ತಪ್ಪಿನ ಪ್ರಮಾಣ.

ಬಲಕ್ಕೂ ಗುಣಮಟ್ಟಕ್ಕೂ ಅಂತರವಿದೆ. ಜಾತ್ರೆಯಲ್ಲಿ ಮೈಕಿನ ದನಿ ಎಷ್ಟೇ ಜೋರಾಗಿದ್ದರೂ ಗದ್ದಲದಲ್ಲಿ ಮಾತು ತಿಳಿಯದೆ ಹೋಗಬಹುದಲ್ಲ, ಹಾಗೆ. ಬಲ ತುಂಬಿದ್ದು ಗುಣಮಟ್ಟ ಬಿದ್ದಿದ್ದರೆ, ಕಂಬದ ಮೇಲಿನ ಆಂಪ್ಲಿಫೈಯರ್ ಮಿತಿಮೀರಿ ಹಿಗ್ಗಿಸುತ್ತಿರಬಹುದು, ಇಲ್ಲವೇ ಜಾಯಿಂಟಿನೊಳಗೆ ಮಳೆನೀರು ಇಳಿದಿರಬಹುದು. ಎರಡೂ ಬಿದ್ದಿದ್ದರೆ ಮನೆಯೊಳಗಿನ ಸ್ಪ್ಲಿಟರ್ ನೋಡಿ. ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ಸಿಗ್ನಲ್ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಪ್ರತಿ ಬಾಯಿಂದ ಕಿತ್ತುಕೊಳ್ಳುತ್ತದೆ. ಗುಣಮಟ್ಟ ಡೆಸಿಬೆಲ್ಲಿನಲ್ಲಿ ಕಾಣಿಸುವ ಡಬ್ಬಿಯಾದರೆ 30ರ ಮೇಲಿದ್ದರೆ ನಿಶ್ಚಿಂತೆ. 25ರ ಆಸುಪಾಸಿಗೆ ಇಳಿದರೆ ಚೌಕಳಿ ಶುರು.

ನನಗೆ ಅತ್ಯಂತ ಪ್ರೀತಿಯದು ಮೂರನೆಯ ಅಂಕಿ. ನಮ್ಮ ಕೇಬಲ್ಲುಗಳಲ್ಲಿ ಒಂದು ಫ್ರೀಕ್ವೆನ್ಸಿಯ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 68.75 ಲಕ್ಷ ಸಂಕೇತಗಳು ಹರಿಯುತ್ತವೆ. ಒಂದೊಂದು ಸಂಕೇತದಲ್ಲಿ 6 ಬಿಟ್, ಅಂದರೆ ಸೆಕೆಂಡಿಗೆ 4 ಕೋಟಿಗೂ ಹೆಚ್ಚು ಬಿಟ್. ಪರದೆಯಲ್ಲಿ ಬಿಇಆರ್ '1ಇ-6' ಎಂದಿದ್ದರೆ ಹತ್ತು ಲಕ್ಷಕ್ಕೊಂದು ಬಿಟ್ ತಪ್ಪು, ಸೆಕೆಂಡಿಗೆ ಸುಮಾರು 41. ಆದರೂ ಚಿತ್ರ ಕನ್ನಡಿಯಷ್ಟು ಸ್ವಚ್ಛ! ಕಾರಣ 1960ರಲ್ಲಿ ಇರ್ವಿಂಗ್ ರೀಡ್, ಗುಸ್ಟಾವ್ ಸೊಲೊಮನ್ ಎಂಬ ಇಬ್ಬರು ಗಣಿತಜ್ಞರು ಕೊಟ್ಟ ತಿದ್ದುವ ವಿದ್ಯೆ. 188 ಬೈಟ್ ಮಾಹಿತಿಗೆ 16 ಬೈಟ್ ಕಾವಲು ಸೇರಿಸಿ 204 ಮಾಡಿ ಕಳಿಸುತ್ತಾರೆ. ಅದರಲ್ಲಿ ಯಾವ 8 ಬೈಟ್ ಕೆಟ್ಟರೂ ಡಬ್ಬಿ ತಾನೇ ಸರಿಪಡಿಸಿಕೊಳ್ಳುತ್ತದೆ. 9ನೆಯದು ಕೆಟ್ಟಿತೋ, ಆ ಇಡೀ ಕಟ್ಟು ಹೋಯಿತು. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಸೊರಗಿದಂತೆ ಮೆಲ್ಲಗೆ ಚುಕ್ಕಿ ಹೆಚ್ಚುತ್ತಿದ್ದವು. ಡಿಜಿಟಲ್ ಚಿತ್ರ ಅಂಚಿನ ತನಕ ಚೆನ್ನಾಗಿದ್ದು ಒಮ್ಮೆಲೇ ಬೀಳುವುದು ಇದಕ್ಕೇ. ಆ ಅಂಚಿನ ಗುರುತು '2ಇ-4', ಹತ್ತು ಸಾವಿರಕ್ಕೆ ಎರಡು ತಪ್ಪು. ನಿನ್ನೆ 1ಇ-6 ಇದ್ದದ್ದು ಇಂದು 1ಇ-4 ಆಗಿದ್ದರೆ ನಾಳೆ ಚಿತ್ರ ಹೋಗುತ್ತದೆಂದು ಡಬ್ಬಿ ಇಂದೇ ಹೇಳಿದಂತಾಯಿತು.

ಸಿಗ್ನಲ್ ಸರಿಯಿದ್ದೂ ಚಾನೆಲ್ 'ಸ್ಕ್ರಾಂಬಲ್ಡ್' ಎಂದು ಬರುತ್ತಿದ್ದರೆ ಯಂತ್ರದ ದೋಷವಲ್ಲ, ಕಾರ್ಡಿನ ಅನುಮತಿಯದು. ಆ ಮಾಹಿತಿ ಪುಟದ ಕಾರ್ಡ್ ನಂಬರನ್ನು ಬರೆದಿಟ್ಟುಕೊಂಡು ಕೇಬಲ್‌ನವರಿಗೆ ಹೇಳಿ.

ಡಬ್ಬಿಯೇ ಕೆಟ್ಟಿದ್ದರೆ? ಮುಚ್ಚಳ ಬಿಚ್ಚಿದರೆ ತಗಡಿನ ಪುಟ್ಟ ಪೆಟ್ಟಿಗೆಯೊಂದು ಕಾಣುತ್ತದೆ, ಅದು ಟ್ಯೂನರ್. ನಡುವೆ ಮುಖ್ಯ ಚಿಪ್, ಪಕ್ಕದಲ್ಲಿ ಮೆಮೊರಿ. ಇವು ಕೆಡುವುದು ಅಪರೂಪ. ಹಾಳಾಗುವುದು ಪವರ್ ಭಾಗದ ಉರುಟು ಕಂಡೆನ್ಸರ್. ಒಳಗಿನ ದ್ರವ ಆರುತ್ತ, ನೆತ್ತಿ ಉಬ್ಬುತ್ತದೆ. ಆಗ ಕೆಂಪು ದೀಪ ಉರಿಯುತ್ತದೆ, ಡಬ್ಬಿ ಮಾತ್ರ 'ಬೂಟ್' ಎಂಬಲ್ಲೇ ಸುತ್ತುತ್ತಿರುತ್ತದೆ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕಂಡೆನ್ಸರಿನ ಆಯುಷ್ಯ, ಶಾಖ 10 ಡಿಗ್ರಿ ಇಳಿದಂತೆಲ್ಲ ಹೆಚ್ಚುಕಡಿಮೆ ಇಮ್ಮಡಿಸುತ್ತದೆ. 65 ಡಿಗ್ರಿಯಲ್ಲಿ ಅದು 32,000 ಗಂಟೆ. 75ಕ್ಕೆ ಏರಿದರೆ 16,000, ಅಂದರೆ ಸತತ ನಡೆದರೆ ಎರಡು ವರ್ಷವೂ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಅಂಥದರಲ್ಲಿ ಧೂಳು ಕೂಡಬಾರದೆಂದು ಡಬ್ಬಿಯ ಮೇಲೆ ಕಸೂತಿ ಬಟ್ಟೆ ಹೊದಿಸಿ ಗಾಳಿಗಂಡಿ ಮುಚ್ಚುತ್ತೇವೆ. ರಿಮೋಟಿನಲ್ಲಿ ಆರಿಸಿದರೂ ಒಳಗಿನ ಪವರ್ ಭಾಗ ಕೆಲಸ ಮಾಡುತ್ತಲೇ ಇರುತ್ತದೆ.

ಒಂದು ಎಚ್ಚರಿಕೆ: ವೈರು ನೇರ ಗೋಡೆಯ ಪ್ಲಗ್ಗಿಗೆ ಹೋಗುವ ಡಬ್ಬಿಯ ಒಳಗಿನ ದೊಡ್ಡ ಕಂಡೆನ್ಸರಿನಲ್ಲಿ, ವೈರು ಕಿತ್ತ ಮೇಲೂ 300 ವೋಲ್ಟ್ ಉಳಿದಿರಬಹುದು. ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಹೊರಗಡೆ ಅಡಾಪ್ಟರ್ ಇರುವ ಡಬ್ಬಿಯಾದರೆ ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು. ಮೆನುವಿನಲ್ಲಿ ಫ್ಯಾಕ್ಟರಿ ರಿಸೆಟ್ ಮಾತ್ರ ಮುಟ್ಟಬೇಡಿ, ಮುಖ್ಯ ಫ್ರೀಕ್ವೆನ್ಸಿ ಅಳಿಸಿಹೋದರೆ ಚಾನೆಲ್ಲುಗಳೆಲ್ಲ ಮಾಯ.

ಇವತ್ತು, ಚಿತ್ರ ಚೆನ್ನಾಗಿ ಬರುತ್ತಿರುವಾಗಲೇ, ಆ ಪುಟ ತೆರೆದು ಮೂರೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಅಡಿಗೆ ಅಂಟಿಸಿ. ಮುಂದೆ ಪರದೆ ಒಡೆದ ದಿನ, ಹೊಸ ಡಬ್ಬಿಗೆ ದುಡ್ಡು ಕೊಡುವ ಮೊದಲು, ಆ ಚೀಟಿಯನ್ನು ತೆಗೆದು ಹೋಲಿಸಿ ನೋಡಿ.