ಅಮೆರಿಕದ ಸಮಾಜದ ಮೇಲೆ ವಿಯೆಟ್ನಾಂ ಯುದ್ಧದ ಪರಿಣಾಮಗಳು

ವಿಯೆಟ್ನಾಂ ಯುದ್ಧವು ಅಮೆರಿಕ ಸಂಯುಕ್ತ ಸಂಸ್ಥಾನವು ದೂರದ ಆಗ್ನೇಯ ಏಷ್ಯಾದಲ್ಲಿ ಹೋರಾಡಿದ, ಆದರೆ ತನ್ನದೇ ಪ್ರಜೆಗಳನ್ನು ಎರಡು ಪಾಳೆಯಗಳಾಗಿ ಒಡೆದ ಯುದ್ಧವಾಗಿದೆ. 1965ರ ಮಾರ್ಚ್‌ನಲ್ಲಿ ಅಮೆರಿಕದ ಯುದ್ಧಪಡೆಗಳು ದಾ ನಾಂಗ್‌ನಲ್ಲಿ ಬಂದಿಳಿದವು. 1973ರ ಪ್ಯಾರಿಸ್ ಒಪ್ಪಂದದ ಬಳಿಕ ಹಿಂದಿರುಗಿದವು. 1975ರ ಏಪ್ರಿಲ್ 30ರಂದು ಸೈಗಾನ್ ನಗರವು ಉತ್ತರ ವಿಯೆಟ್ನಾಮಿನ ವಶವಾಯಿತು. ಈ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಮಡಿದರು. ವಿಯೆಟ್ನಾಮೀಯರ ಸಾವುನೋವು ಇದರ ಹಲವು ಪಟ್ಟು. ಆ ದೇಶದ ಸರ್ಕಾರವು 1995ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಮೃತರಾದ ನಾಗರಿಕರೇ ಸುಮಾರು 20 ಲಕ್ಷ. ಅಮೆರಿಕಕ್ಕಾದ ಗಾಯವನ್ನು ಕುರಿತು ಓದುವಾಗ ಈ ಅಂತರವನ್ನು ಮರೆಯುವಂತಿಲ್ಲ.

ಒಡಕಿನ ಮೂಲ

ಭಿನ್ನಾಭಿಪ್ರಾಯವು ಮನೆಮನೆಯನ್ನು ಹೊಕ್ಕದ್ದು ಕಡ್ಡಾಯ ಸೈನ್ಯಸೇವೆಯ ಮೂಲಕ. ಕಾಲೇಜಿನಲ್ಲಿ ಓದುತ್ತಿದ್ದವರಿಗೆ ಸೇವೆಯನ್ನು ಮುಂದೂಡುವ ಅವಕಾಶವಿದ್ದುದರಿಂದ ಹೊರೆಯು ಬಹುಮಟ್ಟಿಗೆ ಬಡವರ ಮತ್ತು ಕಾರ್ಮಿಕರ ಮಕ್ಕಳ ಮೇಲೆ ಬಿತ್ತು. ಈ ಅನ್ಯಾಯವನ್ನು ಸರಿಪಡಿಸಲೆಂದು 1969ರ ಡಿಸೆಂಬರ್ 1ರಂದು ಲಾಟರಿ ಪದ್ಧತಿಯನ್ನು ತರಲಾಯಿತು. ವರ್ಷದ 366 ದಿನಾಂಕಗಳನ್ನು ಗಾಜಿನ ಪಾತ್ರೆಯಲ್ಲಿ ಹಾಕಿ ಒಂದೊಂದಾಗಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದ ತರುಣರು ಮೊದಲು ಹೋಗಬೇಕಾಯಿತು. ಅನೇಕರು ಕೆನಡಾಕ್ಕೂ ಸ್ವೀಡನ್ನಿಗೂ ಓಡಿಹೋದರು. ಮುಷ್ಟಿಯುದ್ಧಪಟು ಮುಹಮ್ಮದ್ ಅಲಿ 1967ರಲ್ಲಿ ಸೇನೆಗೆ ಸೇರಲು ನಿರಾಕರಿಸಿ ತಮ್ಮ ಪ್ರಶಸ್ತಿಯನ್ನು ಕಳೆದುಕೊಂಡರು. 1970ರ ಮೇ 4ರಂದು ಓಹಾಯೋದ ಕೆಂಟ್ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ರಕ್ಷಕದಳದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು.

ಸರ್ಕಾರದ ಮೇಲಿನ ನಂಬಿಕೆ

ಯುದ್ಧದ ಅತ್ಯಂತ ದೀರ್ಘಕಾಲೀನ ಪರಿಣಾಮವೆಂದರೆ ಪ್ರಜೆಗಳಿಗೆ ಸರ್ಕಾರದ ಮಾತಿನಲ್ಲಿದ್ದ ವಿಶ್ವಾಸವು ಕುಸಿದದ್ದು. 1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಎರಡು ದಾಳಿಗಳಾದವೆಂಬ ವರದಿಯನ್ನು ನಂಬಿ ಸಂಸತ್ತು ಅಧ್ಯಕ್ಷ ಜಾನ್ಸನ್‌ರಿಗೆ ಬಹುತೇಕ ಅನಿರ್ಬಂಧಿತ ಅಧಿಕಾರವನ್ನು ನೀಡಿತು. ಕೆಳಮನೆಯಲ್ಲಿ ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಸೆನೆಟ್‌ನಲ್ಲಿ ಬಿದ್ದವು ಎರಡೇ. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಆನಂತರ ಸ್ಪಷ್ಟವಾಯಿತು. 1971ರಲ್ಲಿ ಡೇನಿಯಲ್ ಎಲ್ಸ್‌ಬರ್ಗ್ ಹೊರಗೆಡಹಿದ 'ಪೆಂಟಗನ್ ದಾಖಲೆಗಳು', ಒಂದರ ಬಳಿಕ ಒಂದರಂತೆ ಬಂದ ಸರ್ಕಾರಗಳು ತಾವು ತಿಳಿದದ್ದನ್ನು ಜನರಿಂದ ಮರೆಮಾಚಿದ್ದನ್ನು ತೋರಿಸಿದವು. ಅವುಗಳ ಪ್ರಕಟಣೆಯನ್ನು ತಡೆಯಲು ಸರ್ವೋಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಕನ್ನ ಹಾಕಿಸಿದ ಶ್ವೇತಭವನದ ಗುಪ್ತ ತಂಡದವರೇ ಮರುವರ್ಷ ವಾಟರ್‌ಗೇಟ್ ಹಗರಣದಲ್ಲಿಯೂ ಕಾಣಿಸಿಕೊಂಡರು. ಆದುದರಿಂದ ಅಧ್ಯಕ್ಷ ನಿಕ್ಸನ್‌ರ ಪತನವನ್ನು ಈ ಯುದ್ಧದಿಂದ ಬೇರ್ಪಡಿಸಿ ನೋಡುವುದು ಸರಿಯಾಗದು.

ಕಾನೂನು ಮತ್ತು ಸೇನೆ

ಹದಿನೆಂಟಕ್ಕೆ ಯುದ್ಧಕ್ಕೆ ಹೋಗಬೇಕಾದವನಿಗೆ ಮತ ಹಾಕುವ ಹಕ್ಕೇಕಿಲ್ಲ ಎಂಬ ಪ್ರಶ್ನೆಗೆ ಉತ್ತರವಾಗಿ 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. 1973ರ ಯುದ್ಧಾಧಿಕಾರ ನಿರ್ಣಯದಂತೆ ಅಧ್ಯಕ್ಷರು ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಗಳೊಳಗೆ ಸಂಸತ್ತಿಗೆ ತಿಳಿಸಬೇಕು; ಸಂಸತ್ತಿನ ಒಪ್ಪಿಗೆಯಿಲ್ಲದೆ 60 ದಿನಗಳನ್ನು ಮೀರುವಂತಿಲ್ಲ, ಹಿಂತೆಗೆತಕ್ಕೆ ಮಾತ್ರ ಇನ್ನು 30 ದಿನಗಳುಂಟು. ಬಳಿಕ ಬಂದ ಅಧ್ಯಕ್ಷರು ಇದನ್ನು ಮನಸಾರೆ ಒಪ್ಪಿಕೊಂಡವರಲ್ಲ. ಅದೇ ವರ್ಷ ಕಡ್ಡಾಯ ಸೇರ್ಪಡೆಯು ನಿಂತು ಸ್ವಯಂಸೇವಕರ ಸೇನೆ ಬಂದಿತು. ಇದರಿಂದ ಬೀದಿಯ ಪ್ರತಿಭಟನೆ ತಣ್ಣಗಾಯಿತು ನಿಜ. ಆದರೆ ಮುಂದೆ ಇರಾಕ್ ಮತ್ತು ಆಫ್ಘಾನಿಸ್ತಾನಗಳಲ್ಲಿ ನಡೆದ ದೀರ್ಘ ಯುದ್ಧಗಳ ಬಿಸಿಯು ಸ್ವಲ್ಪವೇ ಕುಟುಂಬಗಳಿಗೆ ತಟ್ಟಿತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಸೈನ್ಯಸೇವೆಯನ್ನು ತಪ್ಪಿಸಿಕೊಂಡವರಿಗೆ ಕ್ಷಮಾದಾನವಿತ್ತರು.

ಹಿಂದಿರುಗಿದ ಸೈನಿಕರು

ಎರಡನೆಯ ಮಹಾಯುದ್ಧದ ಯೋಧರಿಗೆ ದೊರೆತ ಸ್ವಾಗತವು ಇವರಿಗೆ ದೊರೆಯಲಿಲ್ಲ. ನಿದ್ರಾಹೀನತೆ, ದುಃಸ್ವಪ್ನ, ಹಠಾತ್ ಭಯಗಳಿಂದ ಬಳಲಿದ ಇವರ ಸಂಕಟವು 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರಿನಿಂದ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಸೇರಿತು. ಇಂದು ಅಪಘಾತ, ಅತ್ಯಾಚಾರ, ಪ್ರಕೃತಿವಿಕೋಪಗಳಿಗೆ ತುತ್ತಾದವರ ಚಿಕಿತ್ಸೆಗೂ ಇದೇ ಆಧಾರ. ಕಾಡಿನ ಎಲೆ ಉದುರಿಸಲು ಸಿಂಪಡಿಸಿದ ಏಜೆಂಟ್ ಆರೆಂಜ್ ರಾಸಾಯನಿಕದಿಂದ ರೋಗಪೀಡಿತರಾದವರು ಪರಿಹಾರದ ಕಾನೂನಿಗಾಗಿ 1991ರವರೆಗೆ ಕಾಯಬೇಕಾಯಿತು.

ಸ್ಮಾರಕ ಮತ್ತು ಕರ್ನಾಟಕದ ಶಿಲೆ

1982ರಲ್ಲಿ ವಾಷಿಂಗ್ಟನ್ನಿನಲ್ಲಿ ನಿರ್ಮಾಣವಾದ ಸ್ಮಾರಕವೂ ವಿವಾದದಿಂದ ಪಾರಾಗಲಿಲ್ಲ. 1,421 ವಿನ್ಯಾಸಗಳಲ್ಲಿ ಆಯ್ಕೆಯಾದದ್ದು 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ರಚಿಸಿದ, ನೆಲಮಟ್ಟಕ್ಕಿಂತ ಕೆಳಗಿಳಿಯುವ ಕಪ್ಪು ಗೋಡೆ. ಇದು ಅವಮಾನದ ಗುರುತೆಂದು ಕೆಲವು ಮಾಜಿ ಸೈನಿಕರು ಆಕ್ಷೇಪಿಸಿದ್ದರಿಂದ 1984ರಲ್ಲಿ ಸಮೀಪದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನೂ ಇರಿಸಬೇಕಾಯಿತು. ಗೋಡೆಗೆ ಬೇಕಾದ ಕಪ್ಪು ಗ್ರಾನೈಟನ್ನು ಆರಿಸುವಾಗಲೂ ಹಳೆಯ ಒಡಕು ಇಣುಕಿತು: ಸೈನ್ಯಸೇವೆಯನ್ನು ತಪ್ಪಿಸಿಕೊಂಡವರಿಗೆ ಆಶ್ರಯವಿತ್ತ ಕೆನಡಾ ಮತ್ತು ಸ್ವೀಡನ್‌ಗಳ ಶಿಲೆ ಬೇಡವೆನಿಸಿ, ಬೆಂಗಳೂರಿನ ಶಿಲೆಯನ್ನು ತರಿಸಿಕೊಳ್ಳಲಾಯಿತು. ಅದನ್ನು ವರ್ಮಾಂಟಿನಲ್ಲಿ ಕತ್ತರಿಸಿ ಹೊಳಪು ಕೊಟ್ಟರು. ಹೆಸರುಗಳನ್ನು ಪದವಿಯ ಉಲ್ಲೇಖವಿಲ್ಲದೆ, ಬಲಿಯಾದ ದಿನಾಂಕದ ಕ್ರಮದಲ್ಲಿ ಕೊರೆಯಲಾಗಿದೆ. ಓದುವವರ ಮುಖವು ಹೆಸರುಗಳ ನಡುವೆ ಕಲ್ಲಿನಲ್ಲಿ ಪ್ರತಿಬಿಂಬಿಸುತ್ತದೆ. ಬಂಧುಗಳು ಗೋಡೆಯ ಬುಡದಲ್ಲಿ ಪತ್ರ, ಪದಕ, ಬೂಟುಗಳನ್ನು ಇಟ್ಟುಹೋಗುತ್ತಾರೆ. ಉದ್ಯಾನ ಇಲಾಖೆಯು ಅವನ್ನು ಸಂಗ್ರಹಿಸಿ ಕಾಪಾಡುತ್ತದೆ. ಯುದ್ಧದಲ್ಲಿ ಗಾಯಗೊಂಡು ವರ್ಷಗಳ ಬಳಿಕ ಅದೇ ಕಾರಣದಿಂದ ತೀರಿಕೊಂಡವರ ಹೆಸರುಗಳನ್ನು ಗೋಡೆ ಪೂರ್ಣಗೊಂಡ ಮೇಲೂ ಸೇರಿಸಲಾಗಿದೆ.