ರಿಪೋರ್ಟಿನ ಕೆಂಪು ಅಂಕಿ, ಅಪ್ಪನ ಮಾತ್ರೆ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇರುತ್ತೆ. ರಿಪೋರ್ಟ್ ಮೇಲ್‌ಗೆ ಬಂದರೆ ನಾನು ಮೇಲಿಂದ ಕೆಳಗೆ ಒಮ್ಮೆ ಸ್ಕ್ರೋಲ್ ಮಾಡಿ ಮುಚ್ಚಿಬಿಡುವವರ ಪೈಕಿ. ಈ ಸಲ ಒಂದು ಸಾಲು ಕೆಂಪಕ್ಷರದಲ್ಲಿತ್ತು. ಎಚ್‌ಎಸ್-ಸಿಆರ್‌ಪಿ 8.4. ಪಕ್ಕದಲ್ಲಿ 'ಹೃದ್ರೋಗದ ಅಪಾಯ ಹೆಚ್ಚು' ಎಂಬ ಷರಾ!

ನನಗೆ ಈಗಷ್ಟೇ ಮೂವತ್ತು. ಕೊಲೆಸ್ಟ್ರಾಲ್, ಶುಗರ್ ಎಲ್ಲಾ ಸರಿಯಾಗಿತ್ತು. ಆದರೂ ಎದೆ ಧಸಕ್ಕೆಂದಿತು. ಯಾಕಂದ್ರೆ ಅಪ್ಪನಿಗೆ ಐವತ್ನಾಲ್ಕಕ್ಕೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. "ಕೊಲೆಸ್ಟ್ರಾಲ್ ನಾರ್ಮಲ್ ಇತ್ತಲ್ಲ, ಮತ್ತೆ ನನಗ್ಯಾಕೆ ಆಯ್ತು?" ಅಂತ ಅವರು ಇವತ್ತಿಗೂ ಕೇಳ್ತಾರೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ.

ಏನಿದು ಸಿಆರ್‌ಪಿ?

ಸಿ-ರಿಯಾಕ್ಟಿವ್ ಪ್ರೋಟೀನ್ ನಮ್ಮ ಲಿವರ್ ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾಯಿತು. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಇದು ಏರುತ್ತದೆ. ಸೋಂಕು ಜೋರಾಗಿದ್ದರೆ ನೂರಾರು ಪಟ್ಟು ಏರುವುದೂ ಉಂಟು. 'ಎಚ್‌ಎಸ್' ಅಂದರೆ ಹೈ ಸೆನ್ಸಿಟಿವಿಟಿ, ಅತಿ ಕಡಿಮೆ ಪ್ರಮಾಣವನ್ನೂ ಅಳೆಯುವ ಪರೀಕ್ಷೆ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ? ರಕ್ತನಾಳ ಅಂದರೆ ಜಿಡ್ಡು ಕಟ್ಟುವ ನಲ್ಲಿ ಪೈಪು ಅಂತ ನಾವು ಅಂದ್ಕೊಂಡಿದ್ದೇವೆ. ಅಷ್ಟೇ ಅಲ್ಲ. ಕೊಲೆಸ್ಟ್ರಾಲ್ ನಾಳದ ಗೋಡೆಯೊಳಗೆ ಸೇರಿಕೊಂಡಾಗ ಬಿಳಿರಕ್ತಕಣಗಳು ಅಲ್ಲಿಗೆ ಧಾವಿಸಿ ಸಣ್ಣಗೆ ಉರಿಯೂತ ಶುರುವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದು, ಒಂದು ದಿನ ಆ ಗಂಟಿನ ಮೇಲ್ಪದರ ಒಡೆದರೆ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್. ಅಪ್ಪನ ಪ್ರಶ್ನೆಗೆ ಉತ್ತರದ ಒಂದು ತುಂಡು ಇಲ್ಲಿದೆ ಅನ್ನಿಸಿತು.

ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಸಾಧಾರಣ, 3ಕ್ಕಿಂತ ಮೇಲೆ ಹೆಚ್ಚು. 2024ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸುಮಾರು 28 ಸಾವಿರ ಮಹಿಳೆಯರನ್ನು 30 ವರ್ಷ ಗಮನಿಸಿತ್ತು. ಸಿಆರ್‌ಪಿ ಅತಿ ಹೆಚ್ಚಿದ್ದ ಗುಂಪಿಗೆ, ಅತಿ ಕಡಿಮೆಯಿದ್ದ ಗುಂಪಿಗಿಂತ ಹೃದ್ರೋಗ, ಪಾರ್ಶ್ವವಾಯುವಿನಂಥ ಅಪಾಯ ಶೇ 70ರಷ್ಟು ಹೆಚ್ಚಿತ್ತು. ಎಲ್‌ಡಿಎಲ್ ವಿಷಯದಲ್ಲಿ ಈ ಅಂತರ ಶೇ 36.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ

ಇಷ್ಟೆಲ್ಲಾ ತಲೆಯಲ್ಲಿ ತುಂಬಿಕೊಂಡು ಡಾಕ್ಟರ ಹತ್ರ ಹೋದೆ. ಅವರು ಕೇಳಿದ್ದು ಒಂದೇ: "ಇತ್ತೀಚೆಗೆ ಜ್ವರ, ಹಲ್ಲುನೋವು ಏನಾದರೂ ಇತ್ತಾ?"

ಇತ್ತು. ರಕ್ತ ಕೊಡುವ ಹಿಂದಿನ ವಾರ ಬುದ್ಧಿಹಲ್ಲಿನ ವಸಡು ಊದಿ ಜ್ವರ ಬಂದಿತ್ತು. ಅವರು ನಕ್ಕರು. "ಮೂರು ವಾರ ಬಿಟ್ಟು ಮತ್ತೆ ಮಾಡಿಸಿ." ಎರಡನೇ ಸಲ ಬಂದದ್ದು 1.6.

ನಮ್ಮ ಕೆಲಸದಲ್ಲಿ ಸರ್ವರಿನ ಅಲರ್ಟ್ ಬರುತ್ತೆ. ಎಲ್ಲೋ ತೊಂದರೆಯಿದೆ ಅಂತ ಅದು ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಸಿಆರ್‌ಪಿಯೂ ಹಾಗೇ. ವಂಶವಾಹಿಗಳ ಅಧ್ಯಯನಗಳ ಪ್ರಕಾರ ಸಿಆರ್‌ಪಿಯೇ ಹೃದ್ರೋಗ ತರುವುದಿಲ್ಲ, ಅದು ಬರೀ ಸೂಚಕ. ಆದರೆ ಹಿಂದಿನ ಉರಿಯೂತ ಮಾತ್ರ ನಿಜವಾದ ಕಾರಣಗಳಲ್ಲೊಂದು. 2017ರ 'ಕ್ಯಾಂಟೋಸ್' ಪ್ರಯೋಗದಲ್ಲಿ ಎಲ್‌ಡಿಎಲ್ ತಗ್ಗಿಸದೆ ಉರಿಯೂತವನ್ನಷ್ಟೇ ತಗ್ಗಿಸಿದಾಗಲೂ ಹೃದಯಾಘಾತದಂಥ ಘಟನೆಗಳು ಸುಮಾರು ಶೇ 15ರಷ್ಟು ಕಡಿಮೆಯಾದವು. ಆದರೆ ಮಾರಣಾಂತಿಕ ಸೋಂಕುಗಳು ಹೆಚ್ಚಾದವು.

ಅಪ್ಪ ಮಾಡಿದ ಎಡವಟ್ಟು

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉತ್ಸಾಹದಲ್ಲಿ ಅಪ್ಪನಿಗೂ ಟೆಸ್ಟ್ ಮಾಡಿಸಿದೆ. ಬಂದದ್ದು 0.7. "ನಿಂಗಿಂತ ನಾನೇ ಗಟ್ಟಿ!" ಅಂತ ಅಪ್ಪ ಬೀಗಿದರು. ನಾಲ್ಕು ದಿನ ಬಿಟ್ಟು ಅಮ್ಮ ಫೋನಿನಲ್ಲಿ ಮೆಲ್ಲಗೆ ಹೇಳಿದರು: "ನಿಮ್ಮಪ್ಪ ಮಾತ್ರೆ ನಿಲ್ಲಿಸಿದ್ದಾರೆ ಕಣೋ. ಎಲ್ಲಾ ನಾರ್ಮಲ್ ಬಂದಿದೆಯಂತೆ."

ಕೈಕಾಲು ತಣ್ಣಗಾಯ್ತು. ತಕ್ಷಣ ಅಪ್ಪನ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟೆ. "ಮಾತ್ರೆ ತಗೋತಿರೋದಕ್ಕೇ ಅದು 0.7 ಇರೋದು ಸ್ವಾಮಿ" ಅಂದರು ಅವರು. ಸ್ಟ್ಯಾಟಿನ್ ಕೊಲೆಸ್ಟ್ರಾಲನ್ನಷ್ಟೇ ಅಲ್ಲ, ಸಿಆರ್‌ಪಿಯನ್ನೂ ಇಳಿಸುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆ ತಾವಾಗಿ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಆ ಟೆಸ್ಟ್ ಮಾಡಿಸಿದ್ದು ನಾನು. ಅಂಕಿಯ ಅರ್ಥ ಹೇಳದೆ ಕೈಗೆ ಕೊಟ್ಟದ್ದೂ ನಾನೇ.

ನಿಮ್ಮ ಮನೆಗೂ ಇಂಥ ರಿಪೋರ್ಟ್ ಬಂದರೆ ಇಷ್ಟು ನೆನಪಿಡಿ. ನೆಗಡಿ, ಜ್ವರ, ಗಾಯ ಇದ್ದಾಗ ಈ ಪರೀಕ್ಷೆ ಬೇಡ. 10 ದಾಟಿದ್ದರೆ ಸೋಂಕೇನಾದರೂ ಇದೆಯಾ ನೋಡಿ, ಎರಡು ವಾರ ಬಿಟ್ಟು ಮತ್ತೆ ಮಾಡಿಸಿ. ಬಿಪಿ, ಶುಗರ್, ಎಲ್‌ಡಿಎಲ್, ಮನೆತನದ ಚರಿತ್ರೆ ಎಲ್ಲದರ ಜೊತೆಗಿಟ್ಟು ಡಾಕ್ಟರೇ ಇದನ್ನು ಓದಬೇಕು. ಎದೆನೋವು ಬಂದಾಗ ಈ ಟೆಸ್ಟಿಗಾಗಿ ಲ್ಯಾಬ್ ಹುಡುಕಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಸಿಗರೇಟು ಬಿಡುವುದು, ಹೊಟ್ಟೆ ಕರಗಿಸುವುದು, ನಡೆಯುವುದು ಇವೆಲ್ಲ ಸಿಆರ್‌ಪಿಯನ್ನೂ ಇಳಿಸುತ್ತವೆ. ನಾನು ಬುದ್ಧಿಹಲ್ಲು ಕೀಳಿಸಿಕೊಂಡೆ, ಸಂಜೆ ನಡೆಯೋಕೆ ಶುರು ಮಾಡಿದೆ. ಅಪ್ಪ ಮತ್ತೆ ಮಾತ್ರೆ ತಗೋತಿದ್ದಾರೆ. ರಾತ್ರಿ ಊಟ ಆದಮೇಲೆ ಅಮ್ಮ ಖಾಲಿ ಸ್ಟ್ರಿಪ್ಪಿನ ಫೋಟೊ ವಾಟ್ಸಾಪ್ ಮಾಡ್ತಾರೆ. ಅದು ಬಂದ ಮೇಲೇ ನಾನು ಮಲಗೋದು.